ಹೆಬ್ಬೆರಳಿನ ಗಂಟೆ

ರಾಮದುರ್ಗ
೧೧-೬-೨೦೦೦

ಪ್ರೀತಿಯ ಅರ್ಜುನನಿಗೆ ಅಕ್ಕ ಭಾಗೀರಥಿಯ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ನಮ್ಮ ಮನೆಯವರ, ನಿನ್ನ ಮಾವನ ಸಂಗತಿ ಬರೆಯಬೇಕು, ಅದರಲ್ಲಿ ಹೊಸದೇನೂ ಇರುವುದಿಲ್ಲ. ಲೈನಿನ ಕೆಲಸದಲ್ಲಿ ಕರೆಂಟು ಹೊಡೆದು ಕಂಬದಿಂದ ಬಿದ್ದು ವರ್ಷವಾಯಿತು. ಕುತ್ತಿಗೆಯಿಂದ ಕೆಳಗೆ ಎಡಗೈ ಹೆಬ್ಬೆರಳು ಒಂದೇ ಆಡುತ್ತದೆ. ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿದ್ದರಲ್ಲ, ಅಂದಿನಿಂದ ದನಿಯೂ ಹೋಗಿದೆ. ಬಾಯಿಗೆ ಕಿವಿ ಹಚ್ಚಿದರೆ ಪಿಸುಮಾತು ಕೇಳುತ್ತದೆ, ಅಷ್ಟೇ.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ನಾನು ಬೆಳಿಗ್ಗೆ ಅಂಗನವಾಡಿಗೆ ಹೋದರೆ ಮಧ್ಯಾಹ್ನದ ತನಕ ಮನೆಯಲ್ಲಿ ಅತ್ತೆ ಒಬ್ಬರೇ. ಅವರು ಹಿತ್ತಲಲ್ಲಿ ಎಮ್ಮೆಯ ಹತ್ತಿರ ಇದ್ದಾಗ ಇವರ ಗಂಟಲಲ್ಲಿ ಕಫ ಕಟ್ಟಿದರೆ ಕರೆಯುವುದು ಹೇಗೆ? ಕೆಮ್ಮಲು ಶಕ್ತಿಯಿಲ್ಲ. ಯಾರಾದರೂ ಬಂದು ಮಗ್ಗುಲಿಗೆ ಹೊರಳಿಸಿ ಬೆನ್ನು ತಟ್ಟಬೇಕು. ಹೋದ ವಾರ ಅತ್ತೆ ನೀರು ಕುಡಿಯಲು ಒಳಗೆ ಬಂದದ್ದಕ್ಕೆ ಉಳಿದರು.

ಓಣಿಯ ಭರಮಪ್ಪ ಕರೆಗಂಟೆ ಹಾಕಿಕೊಡುತ್ತೇನೆಂದು ವಾಯರಿನ ಸುರುಳಿ ತಂದಿದ್ದ. ಅತ್ತೆ ಅವನನ್ನು ಹೊಸ್ತಿಲು ದಾಟಗೊಡಲಿಲ್ಲ. "ನನ್ನ ಮಗನ ಹಾಸಿಗಿ ಹತ್ರ ವಾಯರ್ ಬಂದ್ರ ನಾ ಬಾವಿ ಪಾಲಾಗತೇನಿ. ಒಮ್ಮಿ ಕರೆಂಟ್ ತಿಂದದ್ದು ಸಾಕಾಗಿಲ್ಲೇನ ನಿಮಗ?" ಎಂದರು. ಇದು ಸೆಲ್ಲಿನ ಗಂಟೆ, ಇದರಲ್ಲಿ ಕರೆಂಟು ಇರುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ, "ವಾಯರ್ ಅಂದ್ರ ವಾಯರ್" ಎಂದು ಕೂತುಬಿಟ್ಟರು.

ಟೀವಿ ರಿಮೋಟಿಗೆ ವಾಯರ್ ಇರುವುದಿಲ್ಲವಲ್ಲ. ಅದರ ಗುಂಡಿ ಒತ್ತಿದರೆ ಹಿತ್ತಲಲ್ಲಿ ಗಂಟೆ ಹೊಡೆಯುವಂತೆ ಮಾಡಲು ಬರುತ್ತದೆಯೇ? ದಿನಾ ಟೀವಿ ಬಿಚ್ಚಿ ಕೂಡುವವನು ನೀನು, ನಿನಗೇ ಗೊತ್ತು. ಅರ್ಜುನನಿಗೆ ತ್ರಾಸು ಕೊಡಬೇಡ ಎಂದು ಇವರು ಪಿಸುಗುಟ್ಟಿದರು. ನಾನು ಕೇಳಿಸದವಳಂತೆ ಇದ್ದೆ.

ಭಾಗೀರಥಿ


ಬೈಲಹೊಂಗಲ
೯-೭-೨೦೦೦

ಅಕ್ಕನಿಗೆ ಅರ್ಜುನನ ನಮಸ್ಕಾರ.

ತ್ರಾಸು ಎಂದರಂತೆ! ಮಾವನಿಗೆ ಹೇಳು, ಇಷ್ಟು ಖುಷಿಯ ಕೆಲಸ ಈ ಅಂಗಡಿಗೆ ಬಂದು ವರ್ಷಗಳಾಗಿವೆ. ದಿನಾ ಬೆಳಗಾದರೆ ಸುಟ್ಟ ಟೀವಿಯ ವಾಸನೆ ಕುಡಿದು ಬೇಸತ್ತಿದ್ದೇನೆ.

ಮಾಮೂಲಿ ರಿಮೋಟ್ ನಡೆಯುವುದಿಲ್ಲ. ಪಕ್ಕದ ಮನೆಯವರು ಚಾನೆಲ್ ಬದಲಿಸಿದಾಗಲೆಲ್ಲ ನಿಮ್ಮ ಗಂಟೆ ಹೊಡೆದರೆ ಮಾಯವ್ವ ಅತ್ತೆ ಎಮ್ಮೆ ಬಿಟ್ಟು ಓಡಿ ಓಡಿ ಸುಸ್ತಾಗುತ್ತಾರೆ. ಅದಕ್ಕೇ ಬೆಳಗಾವಿಯಿಂದ ಬೇರೆ ಜಾತಿಯ ರಿಮೋಟ್ ತಂದಿದ್ದೇನೆ. ಇದಕ್ಕೆ ತನ್ನದೆಂಬ ಬುದ್ಧಿಯಿಲ್ಲ. ಯಾವ ಗುಂಡಿ ಒತ್ತಿದರೆ ಏನು ಮಾಡಬೇಕೆಂದು ಕಂಪ್ಯೂಟರಿನಿಂದ ಕಲಿಸಬೇಕು. ಒಂದು ಗುಂಡಿಗೆ ಗಂಟೆ, ಒಂದಕ್ಕೆ ಫ್ಯಾನು, ಒಂದಕ್ಕೆ ಟೀವಿ.

ಕಂಪ್ಯೂಟರಿಗೂ ರಿಮೋಟಿಗೂ ನಡುವೆ ಹಾಕುವ ವಾಯರ್ ಮಾತ್ರ ಪೇಟೆಯಲ್ಲಿ ಸಿಗುವುದಿಲ್ಲ. ನಾನೇ ಮಾಡಬೇಕು. ಕಂಪ್ಯೂಟರಿನ ಬೆನ್ನಿಗೆ ಸೀರಿಯಲ್ ಪೋರ್ಟ್ ಎಂಬ ಒಂಬತ್ತು ಕಾಲಿನ ಬಾಯಿ ಇದೆ. ಅಲ್ಲಿಂದ ಬರುವ ಕರೆಂಟು ರಿಮೋಟಿಗೆ ಜಾಸ್ತಿಯಾಗುತ್ತದೆ. ಅದನ್ನು ತಗ್ಗಿಸಲು ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಸರ್ಕ್ಯೂಟ್ ಕಟ್ಟಿದ್ದೇನೆ. ನನ್ನ ಬಳಿ ಕಂಪ್ಯೂಟರ್ ಇಲ್ಲ. ಮಾರ್ಕೆಟ್ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುವ ರಾಮಲಿಂಗಪ್ಪ ಮಧ್ಯಾಹ್ನ ಅವರದನ್ನು ಬಿಟ್ಟುಕೊಡುತ್ತಾರೆ.

ಸದ್ಯಕ್ಕೆ ಅದು ನನ್ನ ಮಾತು ಕೇಳುತ್ತಿಲ್ಲ. ಏನು ಕೊಟ್ಟರೂ "ರಿಮೋಟ್ ಸಿಗಲಿಲ್ಲ" ಎಂದೇ ಬರುತ್ತದೆ. "ಇಲ್ಲ ಅಂತ ಉತ್ತರಾ ಕೊಡಾಕ್ಹತ್ತೈತೆಲ್ಲೋ, ಇನ್ನೇನ ಬೇಕ ನಿನಗ?" ಎಂದು ರಾಮಲಿಂಗಪ್ಪ ನಗುತ್ತಾರೆ. ನಗಲಿ. ಶ್ರಾವಣದೊಳಗೆ ಗಂಟೆ ನಿಮ್ಮ ಮನೆಯಲ್ಲಿರುತ್ತದೆ.

ಅರ್ಜುನ


ರಾಮದುರ್ಗ
೧೬-೭-೨೦೦೦

ಅರ್ಜುನಾ,

ನಿನ್ನ ಕಾಗದವನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಸನ್ನೆಯಿಂದ ನನ್ನನ್ನು ಬಗ್ಗಿಸಿಕೊಂಡು ಕೇಳಿದ್ದು ಇಷ್ಟೇ: "ಅರ್ಥ್ ಕೊಟ್ಟಾನೇನ ಕೇಳ ಅವಗ."

ಅದಕ್ಕಾಗಿ ಈ ಕಾರ್ಡು.

ಭಾಗೀರಥಿ


ಬೈಲಹೊಂಗಲ
೩೦-೭-೨೦೦೦

ಅಕ್ಕಾ,

ಮಾವನ ಕಾಲು ಮುಟ್ಟಿ ನನ್ನ ಪರವಾಗಿ ನಮಸ್ಕಾರ ಮಾಡು. ಅರ್ಥ್ ಕೊಟ್ಟಿರಲಿಲ್ಲ! ಕಳಿಸುವ ವಾಯರ್, ಕೇಳುವ ವಾಯರ್ ಎರಡನ್ನೇ ಹಿಡಿದುಕೊಂಡು ಗುದ್ದಾಡುತ್ತಿದ್ದೆ. ಮೂರನೆಯದನ್ನು ಜೋಡಿಸಿದೆ. ಅದರ ಮೇಲೆ ಇನ್ನೊಂದು ದಡ್ಡತನ ಮಾಡಿದ್ದೆ. ಮಾತಾಡುವ ಕಾಲಿಗೆ ಮಾತಾಡುವ ಕಾಲನ್ನೇ ಕೂಡಿಸಿದ್ದೆ. ಇಬ್ಬರೂ ಮಾತಾಡುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ. ಅದನ್ನು ಅದಲು ಬದಲು ಮಾಡಿದ ಕೂಡಲೇ ಪರದೆಯ ಮೇಲೆ ರಿಮೋಟಿನ ಹೆಸರು ಮೂಡಿತು. ನಾನು ಕೂಗಿದ್ದಕ್ಕೆ ಟೈಪಿಂಗ್ ಕಲಿಯುವ ಹುಡುಗಿಯರೆಲ್ಲ ಎದ್ದು ನಿಂತರು.

ಇವತ್ತಿನ ರಾಮದುರ್ಗ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೆಟ್ಟಿಗೆ ಕೊಟ್ಟಿದ್ದೇನೆ. ರಿಮೋಟಿನ ಬೆಳಕು ಹಿಡಿಯುವ ಗಂಟೆಯ ಕಣ್ಣನ್ನು ಭರಮಪ್ಪ ಬಾಗಿಲ ಮೇಲೆ ಕೂಡಿಸಲಿ, ಹಾಸಿಗೆಯಿಂದ ದೂರವಿದೆ, ಅತ್ತೆ ಅಂಜಬೇಕಾಗಿಲ್ಲ. ರಿಮೋಟಿನ ಗುಂಡಿ ಸಣ್ಣದೆಂದು ಅದರ ಮೇಲೆ ಔಷಧಿ ಬಾಟಲಿಯ ಕೆಂಪು ಬಿರಡೆ ಅಂಟಿಸಿದ್ದೇನೆ. ಮಾವನ ಹೆಬ್ಬೆರಳು ತಪ್ಪಿದರೂ ಅದರ ಮೇಲೆಯೇ ಬೀಳುತ್ತದೆ. ಸೆಲ್ಲು ಹೊಸವು.

ಅರ್ಜುನ


ರಾಮದುರ್ಗ
೯-೮-೨೦೦೦

ಅರ್ಜುನನಿಗೆ ಆಶೀರ್ವಾದ.

ಗಂಟೆ ಹೊಡೆಯಿತು. ಇಷ್ಟು ಬರೆದರೆ ಸಾಕು, ಆದರೂ ಕೇಳು.

ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ರಿಮೋಟನ್ನು ಇವರ ಅಂಗೈಗೆ ಕಟ್ಟಿದರು. ಮೊದಲ ದಿನ ಇವರು ಸುಮ್ಮಸುಮ್ಮನೆ ಗಂಟೆ ಹೊಡೆದದ್ದೇ ಹೊಡೆದದ್ದು. ಅತ್ತೆ ಸೆಗಣಿ ಕೈಯಲ್ಲೇ ಓಡಿ ಬಂದು "ಏನಾತೋ ಪರಸ್ಯಾ?" ಎಂದರೆ, ಬಾಯಿಗೆ ಕಿವಿ ಹಚ್ಚಿಸಿಕೊಂಡು "ಉಂಡಿಯೇನವಾ?" ಎಂದು ಕೇಳುತ್ತಾರೆ. ಮೂರನೆಯ ಸಲಕ್ಕೆ ಅತ್ತೆ "ನಿನ್ನ ಗಂಟಿ ಮುರದ ಒಲಿಗೆ ಹಾಕತೇನಿ ನೋಡ" ಎಂದು ಬೈದು, ಹೊರಗೆ ಬಂದು ಎಮ್ಮೆಯ ಕೊರಳು ಹಿಡಿದು ಅತ್ತರು. ಮಗ ಕರೆದು ವರ್ಷವಾಗಿತ್ತಲ್ಲ.

ಇಲ್ಲಿ ಜಿಟಿಜಿಟಿ ಮಳೆ ಹಿಡಿದಿದೆ. ಅಂಗನವಾಡಿಯಲ್ಲಿ ಕೂತಾಗ ಈಗ ನನ್ನ ಜೀವ ಮನೆಯಲ್ಲಿರುವುದಿಲ್ಲ, ಎದೆಯಲ್ಲೇ ಇರುತ್ತದೆ. ಫ್ಯಾನು, ಟೀವಿ ಇವರಿಗೆ ಬೇಕಿಲ್ಲ. ಗಂಟೆ ಸಾಕಂತೆ.

ಅತ್ತೆಗೆ ಸೆಲ್ಲಿನದೇ ಚಿಂತೆ. ನೀನು ಮತ್ತೆ ಮತ್ತೆ ಕಳಿಸಬೇಕಾದೀತು ಎನ್ನುತ್ತಾರೆ. ಜೋಪಾನ ಮಾಡುತ್ತೇವೆ.

ಭಾಗೀರಥಿ


ರಾಮದುರ್ಗ
೨೪-೯-೨೦೦೦

ಅರ್ಜುನಾ,

ಗಂಟೆ ನಿಂತಿದೆ. ಮಳೆ ಹೊಳವಾಗಿ ಎಲ್ಲ ಸರಿಯಿತ್ತು. ಮೊನ್ನೆ ಇವರು ಒತ್ತಿದರೆ ಹೊಡೆಯಲಿಲ್ಲ. ಹೊಸ ಸೆಲ್ಲು ಹಾಕಿ ನೋಡಿದೆವು, ಆಗಲೂ ಇಲ್ಲ. ಭರಮಪ್ಪ ತನ್ನ ಟೀವಿ ರಿಮೋಟ್ ತಂದು ಒತ್ತಿ ನೋಡಿ, ಕಣ್ಣಿನ ಸಣ್ಣ ದೀಪ ಮಿನುಗುತ್ತದೆ, ಅಂದರೆ ಬೆಳಕು ಮುಟ್ಟುತ್ತಿದೆ, ಗಂಟೆಯಲ್ಲಿ ದೋಷವಿಲ್ಲ, ರಿಮೋಟಿನದೇ ತೊಂದರೆ ಎಂದ.

ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ದಾರಿಯಲ್ಲಿ ಗುಂಡಿ ಒತ್ತಿ ಸುಮ್ಮನೆ ಖರ್ಚಾಗಬಾರದೆಂದು ಸೆಲ್ಲು ತೆಗೆದು ಇಟ್ಟುಕೊಂಡಿದ್ದೇವೆ. ಬೇಗ ನೋಡು.

ಭಾಗೀರಥಿ


ಬೈಲಹೊಂಗಲ
೨-೧೦-೨೦೦೦

ಅಕ್ಕಾ,

ಕಂಪ್ಯೂಟರಿಗೆ ಹಚ್ಚಿ ನೋಡಿದೆ. ರಿಮೋಟಿನ ತಲೆ ಖಾಲಿ. ಕಲಿಸಿದ್ದೆಲ್ಲ ಅಳಿಸಿಹೋಗಿದೆ, ಹೊಸ ಪಾಟಿಯ ಹಾಗೆ.

ಯೋಚಿಸಿದೆ. ಸೆಲ್ಲು ತೆಗೆದಿದ್ದರಿಂದ ಮರೆತಿತೇ ಎಂದು ಮೊದಲು ಅದನ್ನೇ ಪರೀಕ್ಷೆ ಮಾಡಿದೆ. ಮತ್ತೆ ಕಲಿಸಿ, ಸೆಲ್ಲು ಹೊರಗೆ ತೆಗೆದು, ಪುನಃ ಹಾಕಿದೆ. ಎಲ್ಲ ನೆನಪಿತ್ತು. ನಾಲ್ಕಾರು ಸಲ ಮಾಡಿದೆ, ನೆನಪಿತ್ತು. ಹಾಗಾದರೆ ದೋಷ ಇರುವುದು ನನ್ನ ವಾಯರಿನಲ್ಲಿ. ಕಲಿಸುವಾಗ ಅರ್ಧಂಬರ್ಧ ಕಲಿಸಿದೆ, ಅದು ಅಷ್ಟು ದಿನ ಹಿಡಿದುಕೊಂಡಿದ್ದು ಬಿಟ್ಟಿದೆ. ಬಿಚ್ಚಿ ನೋಡಿದರೆ ಅರ್ಥಿನ ಬೆಸುಗೆ ಮೇಲೆ ಹೊಳೆಯುತ್ತಿತ್ತು, ಒಳಗೆ ಹಿಡಿದಿರಲಿಲ್ಲ. ವಾಯರೂ ಉದ್ದವಾಗಿತ್ತು. ಅರ್ಧ ಕತ್ತರಿಸಿ, ಎಲ್ಲ ಬೆಸುಗೆ ಹೊಸದಾಗಿ ಹಾಕಿದ್ದೇನೆ.

ಈಗ ಗಟ್ಟಿಯಾಗಿದೆ, ಧೈರ್ಯವಾಗಿರು. ರಾಮಲಿಂಗಪ್ಪ ಈಗ ನಗುವುದಿಲ್ಲ, ಬೆಸುಗೆ ಹಾಕುವಾಗ ದೀಪ ಹಿಡಿಯುತ್ತಾರೆ.

ಅರ್ಜುನ


ರಾಮದುರ್ಗ
೨೯-೧೦-೨೦೦೦

ಅರ್ಜುನಾ,

ಮತ್ತೆ ನಿಂತಿತು. ಈ ಸಲ ಸ್ವಲ್ಪ ಹೆದರಿದೆವು. ಈಗ ಆರಾಮ ಇದ್ದಾರೆ.

ರಿಮೋಟ್ ಕಳಿಸಿದ್ದೇನೆ.

ಭಾಗೀರಥಿ


ಬೈಲಹೊಂಗಲ
೪-೧೧-೨೦೦೦

ಅಕ್ಕನಿಗೆ ನಮಸ್ಕಾರ.

ನಿನಗೆ ಸಿಟ್ಟು ಬಂದಿದೆ. ಬರಲಿ, ನ್ಯಾಯವೇ. ಎರಡು ಸಾಲಿನ ಕಾಗದ ನೀನು ನನಗೆ ಎಂದೂ ಬರೆದವಳಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ.

ಈ ಸಲವೂ ತಲೆ ಖಾಲಿ. ಹಳೆಯ ವಾಯರನ್ನು ಒಲೆಗೆ ಹಾಕಿದೆ. ಸರ್ಕ್ಯೂಟಿನ ಚಿಪ್ಪನ್ನೇ ಬದಲಿಸಿ, ಎಲ್ಲವನ್ನೂ ಮೊದಲಿನಿಂದ ಕಟ್ಟಿದೆ. ಕಲಿಸಿದ ಮೇಲೆ ಅದರಿಂದ ತಿರುಗಿ ಓದಿಸಿ, ಅಕ್ಷರಕ್ಕಕ್ಷರ ತಾಳೆ ನೋಡಿದೆ. ವಾರ ಪೂರ್ತಿ ಅಂಗಡಿಯಲ್ಲೇ ಇಟ್ಟುಕೊಂಡು ದಿನಾ ಒತ್ತಿ ನೋಡಿಯೇ ಕಳಿಸಬೇಕೆಂದಿದ್ದೆ. ಆದರೆ ಅಷ್ಟು ದಿನ ಮಾವ ಗಂಟೆಯಿಲ್ಲದೆ ಇರಬೇಕಲ್ಲ ಎಂದು ಇವತ್ತೇ ಕಳಿಸುತ್ತಿದ್ದೇನೆ.

ನಾನೇ ಬರಬೇಕಿತ್ತು. ಇವಳಿಗೆ ದಿನ ತುಂಬಿವೆ, ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಕೂಸು ಹುಟ್ಟಿದ ಕೂಡಲೇ ಬರುತ್ತೇನೆ. ಒಂದು ವೇಳೆ ನಿಂತರೆ ಕಾಗದ ಬರೆಯುತ್ತ ಕೂಡಬೇಡ, ಬೂತಿನಿಂದ ಫೋನ್ ಮಾಡು. ಮತ್ತೆ ಏನು ಬೇಕಾದರೂ ಬೈ, ಆದರೆ ಉದ್ದವಾಗಿ ಬೈ.

ಅರ್ಜುನ


ಬೈಲಹೊಂಗಲ
೧೧-೧೨-೨೦೦೦

ಅಕ್ಕಾ,

ಮಾವನ ದಿನಕರ್ಮ ಮುಗಿಸಿಕೊಂಡು ಬಂದ ಮೇಲೆ ಇದೇ ಮೊದಲ ಸಲ ಪೆನ್ನು ಹಿಡಿದಿದ್ದೇನೆ. ಮಾವನ ಮಣ್ಣಿಗೆ ಹೆಗಲು ಕೊಟ್ಟೆ, ನಿನ್ನ ಪಕ್ಕ ಕೂತೆ, ಆದರೂ ಕೇಳಬೇಕಾದದ್ದನ್ನು ಕೇಳಲಿಲ್ಲ. ಬಂದವರಿಗೆಲ್ಲ ನೀನು "ಮಲಗಿದಲ್ಲೇ, ನಿದ್ದ್ಯಾಗ ಹ್ವಾದ್ರು" ಎನ್ನುತ್ತಿದ್ದೆ. ಹಾಗೆನ್ನುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ರಿಮೋಟು ಗೋಡೆಯ ಮಾಡದಲ್ಲಿತ್ತು, ಸೀರೆಯ ಸೆರಗು ಇನ್ನೂ ಸುತ್ತಿಕೊಂಡೇ ಇತ್ತು. ಎಲ್ಲರೂ ಹೊರಗೆ ಉಣ್ಣಲು ಕೂತಿದ್ದಾಗ ಬಾಗಿಲ ಕಡೆ ಹಿಡಿದು ಒತ್ತಿದೆ. ಗಂಟೆ ಹೊಡೆಯಲಿಲ್ಲ. ಜೇಬಿಗೆ ಹಾಕಿಕೊಂಡು ಬಂದೆ. ಇಲ್ಲಿ ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಅದೇ ಖಾಲಿ.

ನಿದ್ದೆಯಲ್ಲಿ ಅಲ್ಲ, ಅಲ್ಲವೇ? ಅವರು ಒತ್ತಿದ್ದಾರೆ. ನನ್ನ ವಾಯರು ಅವರನ್ನು ಕೊಂದಿತು.

ಅರ್ಜುನ


ಬೈಲಹೊಂಗಲ
೨-೧-೨೦೦೧

ಅಕ್ಕಾ,

ನಿನ್ನ ಉತ್ತರ ಬರಲಿಲ್ಲ. ಬರೆಯಲು ಏನೂ ಇಲ್ಲದಿದ್ದರೆ ಬರೆಯಬೇಡ.

ಕೂಸು ಆರಾಮ ಇದೆ. ಹೆಣ್ಣು. ಅಂಗಡಿ ತೆರೆಯುತ್ತೇನೆ, ಟೀವಿ ಮಾರುತ್ತೇನೆ. ಬೆಸುಗೆಯ ಕೆಲಸ ಬಂದರೆ ಬೇರೆ ಕಡೆ ಕಳಿಸುತ್ತೇನೆ. "ಹಿಂಗ ಕುಂತ್ರ ಹ್ಯಾಂಗೋ, ಹೊಟ್ಟಿಪಾಡು ನಡೀಬೇಕಲ್ಲ" ಎಂದು ರಾಮಲಿಂಗಪ್ಪ ದಿನಾ ಬಂದು ಹೇಳಿ ಹೋಗುತ್ತಾರೆ. ಯಾವ ಬೆಸುಗೆ, ಯಾವ ಕಾಲು ಎಂದು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಸಿಕ್ಕಿದ್ದರೆ ಅದೊಂದನ್ನೇ ಬೈದುಕೊಂಡು ಇರುತ್ತಿದ್ದೆ.

ಅರ್ಜುನ


ರಾಮದುರ್ಗ
೧೪-೧-೨೦೦೧

ಪ್ರೀತಿಯ ಅರ್ಜುನನಿಗೆ,

ನಿನ್ನ ಎರಡೂ ಕಾಗದ ಮುಟ್ಟಿವೆ. ಉತ್ತರ ಬರೆಯದ ತಪ್ಪು ನನ್ನದು. ಸಿಟ್ಟಿನಿಂದಲ್ಲ, ನಿನ್ನ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಅಕ್ಟೋಬರಿನಲ್ಲಿ ಎರಡೇ ಸಾಲು ಬರೆದದ್ದಕ್ಕೆ ಕಾರಣ ಬೇರೆ. ನಾನು ಮನೆಗೆ ಬಂದಾಗ ಇವರ ತುಟಿ ನೀಲಿಯಾಗಿದ್ದವು. ಬರೆದರೆ ನಿನಗೆ ಭಾರವಾದೀತೆಂದು ಬಿಟ್ಟೆ.

ನಿದ್ದೆಯಲ್ಲಿ ಹೋಗಲಿಲ್ಲ, ಹೌದು. ಅತ್ತೆ ಹಿತ್ತಲಿನಿಂದ ಬಂದು ನೋಡಿದಾಗ ಹೆಬ್ಬೆರಳು ಬಿರಡೆಯ ಮೇಲೆಯೇ ಇತ್ತು. ನೀನು ಬರುವ ಮೊದಲು ನಾನೇ ಬಿಚ್ಚಿ ಮಾಡದಲ್ಲಿಟ್ಟೆ.

ಈಗ ನಾನು ಕೇಳುವುದಕ್ಕೆ ಸರಿಯಾಗಿ ಉತ್ತರ ಬರೆ. ಮೊನ್ನೆ ಅತ್ತೆ ಹಿತ್ತಲ ಒರಳುಕಲ್ಲಿನ ಮೇಲೆ ಬ್ಯಾಟರಿಯ ಸೆಲ್ಲು ಬಿಸಿಲಿಗೆ ಇಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ಇಡುತ್ತಾರೆ, ಬಿಸಿಲು ತಾಗಿದರೆ ಸೆಲ್ಲು ಇನ್ನಷ್ಟು ದಿನ ಬಾಳುತ್ತವೆಂದು. ಇಡುತ್ತ ಇಡುತ್ತ ಹೇಳಿದರು: "ಪರಸ್ಯಾನ ಸೆಲ್ಲೂ ಹಿಂಗ ಇಡತಿದ್ದೆ. ಮಳಿ ಹೋಗಿ ಬಿಸಲ ಬಿದ್ದಾಗಿಂದ ಇಟ್ಟೇನಿ. ಸೆಲ್ಲ ಹೊರಗ ಇದ್ದಷ್ಟು ಹೊತ್ತು ಅವನ ಹಾಸಿಗಿ ಬಿಟ್ಟು ಏಳತಿದ್ದಿಲ್ಲ. ತಲಿ ಬಾಚತಿದ್ದೆ. ಹೊಳ್ಳಿ ಹಾಕಿದ ಮ್ಯಾಲನ ಎಮ್ಮಿ ಕಡೆ ಹೋಗತಿದ್ದೆ." ಇವರು ಹೋದ ದಿನ ಕೂಡ ಹಾಗೇ ಮಾಡಿದ್ದರಂತೆ. ನಾನು ಅಂಗನವಾಡಿಯಲ್ಲಿರುವಾಗ ನಡೆದದ್ದು, ನನಗೆ ಗೊತ್ತೇ ಇರಲಿಲ್ಲ.

ಅರ್ಜುನಾ, ಕಾರಣ ಇದೇ ಏನು? ನೀನು ಸೆಲ್ಲು ತೆಗೆದು ನೋಡಿ ಪರವಾಗಿಲ್ಲ ಎಂದು ಬರೆದಿದ್ದೆ. ಆದರೆ ಗಂಟೆ ನಿಂತದ್ದು ಬಿಸಿಲು ಬಿದ್ದ ಮೇಲೆ.

ಅತ್ತೆಗೆ ಬಿಸಿಲಿನ ಮೇಲೆ ಅನುಮಾನವಿಲ್ಲ. ಅವರ ಅನುಮಾನ ಬೇರೆ. "ಅವತ್ತ ಅವಸರದಾಗ ಸೆಲ್ಲ ತಲಿಕೆಳಗ ಹಾಕಿದ್ನೇನ? ನನ್ನ ಕೈಯಿಂದನ ಆತೇನ?" ಎಂದು ಕೇಳುತ್ತಾರೆ. ತಟ್ಟೆಯ ಮುಂದೆ ಕೂತು, ತುತ್ತು ಕಲಸಿ, ಹಾಗೇ ಎದ್ದು ಹೋಗುತ್ತಾರೆ. ನಾನು ಎಷ್ಟು ಸಮಾಧಾನ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ನಿನಗೇನ ಗೊತ್ತವಾ? ಅರ್ಜುನ ತಗೊಂಡ ಹೋಗ್ಯಾನ, ಅವ ಬಿಚ್ಚಿ ನೋಡಿರತಾನ. ಅವಗ ಬರದ ಕೇಳ. ಅವ ಹೇಳಿದ್ದ ಖರೆ" ಎನ್ನುತ್ತಾರೆ.

ನಿಜ ಏನಿದೆಯೋ ನನಗೊಬ್ಬಳಿಗೆ ಬರೆ. ಅತ್ತೆಗೆ ಓದಿ ಹೇಳಲು ಬೇರೆ ಕಾಗದ ಬರೆ. ಅದರಲ್ಲಿ ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಹೇಳಲು ನನಗೆ ಬಾಯಿಲ್ಲ. ಈಗಾಗಲೇ ಎರಡು ತಿಂಗಳು ನೀನೊಬ್ಬನೇ ಹೊತ್ತಿದ್ದೀಯ.

ನಿನ್ನ ಅಕ್ಕ
ಭಾಗೀರಥಿ


ಬೈಲಹೊಂಗಲ
೨೦-೧-೨೦೦೧

ಅಕ್ಕಾ,

ಇದು ನಿನಗೆ. ಓದಿ ಹರಿದುಹಾಕು.

ಹೌದು, ಅದೇ. ನಿನ್ನ ಕಾಗದ ಬಂದ ದಿನವೇ ಮತ್ತೆ ಕಲಿಸಿ, ಸೆಲ್ಲು ತೆಗೆದಿಟ್ಟು ಊಟಕ್ಕೆ ಹೋದೆ. ಉಂಡು ಬಂದು ಹಾಕಿದರೆ ಎಲ್ಲ ಮರೆತಿತ್ತು. ಒಳಗಿನ ಒಂದು ಸಣ್ಣ ಭಾಗ ಎರಡು ಮೂರು ನಿಮಿಷ ನೆನಪು ಹಿಡಿದುಕೊಳ್ಳುತ್ತದೆ, ಸೆಲ್ಲು ಬದಲಿಸುವಷ್ಟು ಹೊತ್ತು. ಆಮೇಲೆ ಬಿಡುತ್ತದೆ. ನಾನು ಪರೀಕ್ಷೆ ಮಾಡಿದಾಗ ತೆಗೆದ ಕೂಡಲೇ ಹಾಕಿದ್ದೆ. ಒಮ್ಮೆಯೂ ಕಾಯಲಿಲ್ಲ. ನೀನು ಕಳಿಸುವಾಗಲೆಲ್ಲ ಸೆಲ್ಲು ತೆಗೆದೇ ಕಳಿಸುತ್ತಿದ್ದೆ, ಅದಕ್ಕೇ ನನ್ನ ಕೈಗೆ ಬರುವಾಗಲೂ ಖಾಲಿಯಿತ್ತು. ನಾನು ವಾಯರನ್ನು ಬೈಯುತ್ತ ಕೂತೆ. ವಾಯರು ಸರಿಯಾಗಿತ್ತು, ಅಕ್ಕಾ. ಆ ಬೆಸುಗೆ ಕಚ್ಚಾ ಇದ್ದರೂ, ಗಂಟೆ ಹೊಡೆದ ದಿನದಿಂದ ಸರಿಯಾಗಿಯೇ ಕಲಿಸಿತ್ತು.

ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಅವರು ಪಕ್ಕದಲ್ಲಿ ಕೂತು ತಲೆ ಬಾಚುತ್ತಿದ್ದರು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ.

ಕೆಳಗಿನದನ್ನು ಅತ್ತೆಯ ಎದುರು ಕೂತು ಜೋರಾಗಿ ಓದು. ಅವರು ಮಾತಾಡುವಂತೆಯೇ ಬರೆದಿದ್ದೇನೆ.


ಮಾಯವ್ವತ್ತಿಗೆ ಅರ್ಜುನನ ನಮಸ್ಕಾರರಿ.

ಅತ್ತೀ, ನೀವು ಕೇಳಿದ್ದು ಅಕ್ಕ ಬರದಾಳ. ರಿಮೋಟ ನನ್ನ ಕಡೆನ ಐತಿ. ನಾನ ನನ್ನ ಕೈಯಿಂದ ಬಿಚ್ಚಿ ನೋಡೇನಿ. ಸೆಲ್ಲ ಎರಡೂ ಸರಿ ಇದ್ದೂರಿ. ನೀವು ತಲಿಕೆಳಗ ಹಾಕಿದ್ದಿಲ್ಲ. ಹ್ಯಾಂಗ ಹಾಕಬೇಕಿತ್ತೋ ಹಂಗ ಹಾಕಿದ್ರಿ. ಮಾವನ ಮ್ಯಾಲ ಆಣಿ ಮಾಡಿ ಹೇಳತೇನಿ, ಇದು ಖರೆ ಮಾತು.

ಗಂಟಿ ಹೊಡೀಲಾರದ್ದು ನನ್ನ ತಪ್ಪಿನಿಂದರಿ. ನಾ ಮಾಡಿದ ವಾಯರದಾಗ ಒಂದು ಬೆಸಗಿ ಕಚ್ಚಾ ಉಳದಿತ್ತು. ಮ್ಯಾಲ ಹೊಳೀತಿತ್ತು, ಒಳಗ ಹಿಡದಿದ್ದಿಲ್ಲ. ಮೂರು ಸರ್ತಿ ನೋಡಿದ್ರೂ ನನ್ನ ಕಣ್ಣಿಗೆ ಬೀಳಲಿಲ್ಲ. ನೀವು ನಂಬಿ ಎಮ್ಮಿ ಕಡೆ ಹೋದ್ರಿ, ನಂಬಿಸಿದಾವ ನಾನು. ಶಿವರಾತ್ರಿಗೆ ಬರತೇನಿ, ಕೂಸನ್ನೂ ಕರಕೊಂಡ ಬರತೇನಿ. ಆವಾಗ ಮನಸಿಗೆ ಬಂದಂಗ ಬೈರಿ. ಹೊಡೀರಿ. ಉಣ್ಣೂದು ಮಾತ್ರ ಬಿಡಬ್ಯಾಡ್ರಿ. "ಉಂಡಿಯೇನವಾ" ಅಂತ ಕೇಳಾಕನ ಮಾವ ಗಂಟಿ ಹೊಡೀತಿದ್ರಂತ, ಅಕ್ಕ ಬರದಿದ್ಲು.

ಆ ಎರಡು ಸೆಲ್ಲ ನಾ ಅಂಗಡಿ ಗಡಿಯಾರಕ್ಕ ಹಾಕೇನಿ. ಇನ್ನೂ ನಡ್ಯಾಕ್ಹತ್ತೈತಿ. ನೀವು ಬಿಸಲಿಗೆ ಇಟ್ಟು ಜ್ವಾಪಾನ ಮಾಡಿದ್ದಕ್ಕನ ಇಷ್ಟ ದಿನಾ ಬಂದಾವ ನೋಡ್ರಿ.

ನಿಮ್ಮ
ಅರ್ಜುನ